ದಡದ ಮೇಷ್ಟ್ರು

ಹೊನ್ನಾಳಿ, 9 ಡಿಸೆಂಬರ್ 1982

ಶಿಬಿರ ಶುರುವಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರಲ್ಲದೆ ದೂರದ ಜಗಳೂರಿನಿಂದಲೂ ಅಭ್ಯರ್ಥಿಗಳು ಬಂದಿದ್ದಾರೆ. ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ತಮ್ಮ ತಮ್ಮ ಊರಿನ ಉದ್ಯಾನ ಮತ್ತು ಆಟದ ಮೈದಾನದ ಮೇಲ್ವಿಚಾರಕರಾಗುತ್ತಾರೆ. ಶಾಲೆಯ ಕೊಠಡಿಯಲ್ಲಿ ವಸತಿ. ಊಟ ಪರವಾಗಿಲ್ಲ.

ಈ ದಿನಕ್ಕಾಗಿ ನಾನೆಷ್ಟು ಅಲೆದಿದ್ದೇನೆಂದು ಈ ಹುಡುಗರಿಗೆ ಗೊತ್ತಿಲ್ಲ. ನಾನು ಸಂತೇಬೆನ್ನೂರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಕಾಲಕ್ಕೆ ಪಾರ್ಕು ನೋಡಿಕೊಳ್ಳುವವನೆಂದರೆ ಯಾರೋ ಮೆಂಬರರ ಮನೆಗೆ ಹಾಲು ತಂದುಕೊಡುವವನು. ಉಯ್ಯಾಲೆಯ ಸರಪಳಿ ತುಕ್ಕು ಹಿಡಿದರೆ ಕೇಳುವವರಿಲ್ಲ. ಜಾರುಬಂಡೆಯ ಕೆಳಗೆ ಮರಳಿನ ಬದಲು ಕಲ್ಲು. ಮಗುವಿನ ಹಲ್ಲು ಮುರಿದರೆ ಅದರ ಹಣೆಬರಹ. ಅಲ್ಲ, ಇದೂ ಒಂದು ಕಸುಬು, ಕಲಿತವನೇ ಮಾಡಬೇಕು, ಕಲಿತಿದ್ದಾನೋ ಇಲ್ಲವೋ ಪರೀಕ್ಷೆ ಮಾಡಿ ನೋಡಬೇಕು ಎಂದು ಮೇಲಿನವರಿಗೆ ಬರೆದೂ ಬರೆದೂ ಕೊನೆಗೆ ಅದೇ ಒಂದು ಕೈಪಿಡಿಯಾಯಿತು. ಈಗ ಇಲಾಖೆಯಲ್ಲಿ ಅದನ್ನು 'ಮೂಕಪ್ಪನವರ ಕೈಪಿಡಿ' ಎಂದೇ ಕರೆಯುತ್ತಾರೆ. ಮಕ್ಕಳನ್ನು ಕಾಯುವವನಿಗೆ ಈಜು ಬರಲೇಬೇಕು ಎಂಬ ಅಧ್ಯಾಯವನ್ನು ಜಿಲ್ಲೆಯ ಅಧಿಕಾರಿ ಮರುಳಸಿದ್ದಪ್ಪನವರು ಎಲ್ಲ ಸಭೆಗಳಲ್ಲೂ ಎತ್ತಿ ಹೇಳುತ್ತಾರೆ.

ಬೆಳಿಗ್ಗೆ ಹೊಳೆಯಲ್ಲಿ ಮೊದಲ ಪಾಠ. ನಾನು ಎಂದಿನಂತೆ ಬಂಡೆಯ ಮೇಲೆ ನಿಂತು ಸಿಳ್ಳೆ ಊದಿ ಕೈಕಾಲು ಹೇಗೆ ಆಡಿಸಬೇಕೆಂದು ತೋರಿಸಿದೆ. ತೆಪ್ಪ ನಡೆಸುವ ಬೈಲಪ್ಪನನ್ನು ಕಾವಲಿಗೆ ಗೊತ್ತು ಮಾಡಿದ್ದೇವೆ. ಬಾಯಿ ಬಿಗಿಹಿಡಿಯದ ಮನುಷ್ಯ. "ಏನ್ರೀ, ನೀವು ದಡದ ಮೇಷ್ಟ್ರಾ? ಒಂದ್ಸಲ ಇಳೀರಿ, ನೀರು ಬೆಚ್ಚಗೈತೆ" ಎಂದ. ಹುಡುಗರು ನಕ್ಕರು. ನೆಗಡಿಯಾಗಿದೆ ಎಂದೆ.


11 ಡಿಸೆಂಬರ್

ಇಂದು ಬರೆಯಲಾರೆ.


12 ಡಿಸೆಂಬರ್

ವರದಿಯ ಹಾಗೆ ಬರೆದರೆ ಬರೆಯಲಾದೀತು.

ನಿನ್ನೆ ಬೆಳಿಗ್ಗೆ ಅಭ್ಯರ್ಥಿಗಳು ಸೊಂಟದ ಮಟ್ಟದ ನೀರಿನಲ್ಲಿ ಸಾಲಾಗಿ ಬಂಡೆಯ ಕಡೆಗೆ ಬರುತ್ತಿದ್ದರು. ಜಗಳೂರು ತಾಲ್ಲೂಕಿನ ಜಂಪಣ್ಣ ಎಂಬುವನು ಎಲ್ಲರಿಗಿಂತ ಮುಂದಿದ್ದ. ಹೊಳೆಯನ್ನೇ ಕಾಣದ ಸೀಮೆಯವನು, ಆದರೂ ಎರಡೇ ದಿನದಲ್ಲಿ ತೇಲುವುದನ್ನು ಕಲಿತು ಉತ್ಸಾಹದಲ್ಲಿದ್ದ. ಮರಳು ತೆಗೆದಿದ್ದ ಗುಂಡಿ ಅಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ. ಅವನು ಕಾಲಿಟ್ಟ, ಮುಳುಗಿದ. ಮತ್ತೆ ಮೇಲೆ ಬಂದಾಗ ಅವನ ಮುಖ ನನ್ನ ಕಡೆಗಿತ್ತು. ಕೈ ಚಾಚಿದ. ನನಗೂ ಆ ಕೈಗೂ ಒಂದು ಆಳಿನಷ್ಟೂ ದೂರವಿರಲಿಲ್ಲ. ಹಗ್ಗ ನನ್ನ ಕಾಲ ಬಳಿಯೇ ಸುತ್ತಿಟ್ಟಿತ್ತು.

ನಾನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ.

ಆಮೇಲೆ ಸಿಳ್ಳೆ ಊದಿದೆ. ಊದುತ್ತಲೇ ಇದ್ದೆ. ಬೈಲಪ್ಪ ತೆಪ್ಪದಿಂದ ಹಾರಿ, ಗುಂಡಿಯಲ್ಲಿ ಮುಳುಗಿ ಅವನನ್ನು ಕೂದಲು ಹಿಡಿದು ಎಳೆದು ತಂದ. ಬಂಡೆಯ ಮೇಲೆ ಹಾಕಿದಾಗ ಉಸಿರಿರಲಿಲ್ಲ. ಬೋರಲು ಮಲಗಿಸಿ, ಬೆನ್ನೊತ್ತಿ ನೀರು ಕಕ್ಕಿಸಿದವನು ನಾನೇ. ಅದು ನನಗೆ ಬರುತ್ತದೆ, ನೆಲದ ಮೇಲಿನ ಕೆಲಸ. ಅವನು ಕೆಮ್ಮಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನನ್ನ ಮುಖ.

ಆಸ್ಪತ್ರೆಗೆ ಸಾಗಿಸಿದ ಮೇಲೆ ಬೈಲಪ್ಪ ಒದ್ದೆ ಪಂಚೆ ಹಿಂಡುತ್ತಾ ಕೇಳಿದ: "ನೀವು ಅಲ್ಲೇ ಇದ್ರಲ್ರೀ ಸಾಹೇಬ್ರೆ. ಯಾಕ್ರೀ ಇಳೀಲಿಲ್ಲ?"

"ಸಿಳ್ಳೆ ಊದಿದೆನಲ್ಲ" ಎಂದೆ.

ಅವನು ಪಂಚೆ ಕೊಡವಿ ತೆಪ್ಪದ ಕಡೆಗೆ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಈಜು ಬರುವುದಿಲ್ಲ. ಇದನ್ನು ಈ ಡೈರಿಯಲ್ಲಿ ಕೂಡ ಇದುವರೆಗೆ ಬರೆದಿರಲಿಲ್ಲ. ಚಿಕ್ಕವನಿದ್ದಾಗ ಕಲಿಯಲಾಗಲಿಲ್ಲ, ದೊಡ್ಡವನಾದ ಮೇಲೆ ಪುರುಸೊತ್ತಾಗಲಿಲ್ಲ. ಅಷ್ಟೇ. ನೆಪ ಬೇಡ. ಕೈಪಿಡಿಯಲ್ಲಿ ಬೋಧಕನ ಬಗ್ಗೆ ನಾನು ಬರೆದ ನಿಯಮ ಹೀಗಿದೆ: 'ಬೋಧಕನು ಪಾಠದ ಅವಧಿಯಲ್ಲಿ ನೀರಿನಲ್ಲಿ ಅಥವಾ ನೀರಿನ ಅಂಚಿನಲ್ಲಿ ಇರತಕ್ಕದ್ದು.' ಆ 'ಅಥವಾ' ನನಗಾಗಿ ಹಾಕಿಕೊಂಡದ್ದು. ಬರೆಯುವಾಗಲೇ ಗೊತ್ತಿತ್ತು.


ಚನ್ನಗಿರಿ, 16 ಡಿಸೆಂಬರ್

ಮನೆಗೆ ಬಂದೆ. ಜಂಪಣ್ಣನನ್ನು ಆಸ್ಪತ್ರೆಯಿಂದ ಕಳಿಸಿದರಂತೆ, ಊರಿಗೆ ಹೋಗಿದ್ದಾನೆ.

ಮರುಳಸಿದ್ದಪ್ಪನವರ ವರದಿಯಲ್ಲಿ 'ಬೋಧಕ ಶ್ರೀ ಮೂಕಪ್ಪನವರ ಸಮಯಪ್ರಜ್ಞೆಯಿಂದ' ಎಂದಿದೆ. ನಿನ್ನೆಯ ಪತ್ರಿಕೆಯಲ್ಲೂ ಅದೇ ಮಾತು ಬಂತು, ಮೂಲೆಯಲ್ಲಿ ನನ್ನ ಹಳೆಯ ಫೋಟೋದೊಂದಿಗೆ. ಬೈಲಪ್ಪನ ಹೆಸರಿಲ್ಲ. 'ಸ್ಥಳೀಯರ ನೆರವಿನಿಂದ' ಎಂದಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನವರು ಎದ್ದು ಬಂದು ಕೈ ಕುಲುಕಿದರು. ಕೈ ಕೊಟ್ಟೆ. ಕೊಡದೆ ಇರಲು ಏನು ಹೇಳಬೇಕಿತ್ತು?

ಹೆಂಡತಿ ಹೊನ್ನೂರಮ್ಮ ಬಡಿಸುತ್ತಾ "ಯಾಕ್ರೀ, ಊಟ ಸೇರ್ತಿಲ್ಲೇನು?" ಎಂದಳು. ಬಿಸಿಲಿಗೆ ಹಾಗಾಗಿದೆ ಎಂದೆ. ಡಿಸೆಂಬರಿನಲ್ಲಿ ಯಾವ ಬಿಸಿಲು ಎಂದು ಅವಳು ಕೇಳಲಿಲ್ಲ.


27 ಡಿಸೆಂಬರ್

ಸಂಜೆ ಆಫೀಸಿನಿಂದ ಬಂದರೆ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಶೇಂಗಾದ ಚೀಲ. ಜಂಪಣ್ಣನ ತಾಯಿ ಚೌಡಕ್ಕ. ಜಗಳೂರಿನ ಕಡೆಯಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದಿದ್ದಾಳೆ.

ನಾನು ಚಪ್ಪಲಿ ಬಿಡುವಷ್ಟರಲ್ಲಿ ಆಕೆ ನನ್ನ ಕಾಲಿಗೆ ಬಿದ್ದಳು. ನಾಯಕರ ಹೆಂಗಸು. ನಮ್ಮೂರಿನ ಕಡೆ ಆಕೆಯ ವಯಸ್ಸಿನವರು ನಮ್ಮ ಕೇರಿಯವರ ನೆರಳು ಸೋಕದಂತೆ ಸುತ್ತಿ ಬಳಸಿ ಹೋಗುತ್ತಿದ್ದುದನ್ನು ಕಂಡವನು ನಾನು. ಎತ್ತಲು ಹೋದೆ, ಕೈ ಮುಟ್ಟುವುದೋ ಬೇಡವೋ ತಿಳಿಯದೆ ಹಾಗೇ ನಿಂತೆ.

"ಒಬ್ಬನೇ ಮಗ ಸಾಮಿ" ಎಂದಳು. "ನೀವು ಯಾರು, ಯಾವ ಕೇರಿಯೋರು ಅಂತ ನನ್ ಮಗ ಹೇಳಿದ. ಯಾವ ಕೇರಿ ಆದ್ರೇನು, ನನ್ ಪಾಲಿಗೆ ನೀವು ದೇವರಿದ್ದಂಗೆ."

ಬೈಲಪ್ಪನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹೊನ್ನೂರಮ್ಮ ನೀರು ತಂದುಕೊಟ್ಟಳು. ಆಕೆ ಒಂದು ಕ್ಷಣವೂ ಅನುಮಾನಿಸದೆ ಗಟಗಟನೆ ಕುಡಿದಳು. ನಮ್ಮ ಮನೆಯ ನೀರು. ಹೇಳಬೇಕೆಂದಿದ್ದ ಮಾತು ಅಲ್ಲಿಗೇ ನಿಂತುಹೋಯಿತು. ಆಕೆ ಅದನ್ನು ಕುಡಿದದ್ದೇ ನನ್ನ ಸುಳ್ಳನ್ನು ನಂಬಿ. ಆ ನೀರನ್ನು ನಾನು ಹೇಗೆ ವಾಪಸು ಕೇಳಲಿ?

ರಾತ್ರಿ ಇಲ್ಲೇ ಉಳಿದು ಬೆಳಿಗ್ಗೆ ಹೋಗುತ್ತಾಳೆ. ಅಡಿಗೆಮನೆಯಲ್ಲಿ ಹೊನ್ನೂರಮ್ಮನ ಜೊತೆ ಶೇಂಗಾ ಬಿಡಿಸುತ್ತಾ ಮಗನ ಮಾತೇ ಆಡುತ್ತಿದ್ದಾಳೆ. ಹೊಳೆಗೆ ಇಳಿಯಲಾರೆ ಎನ್ನುತ್ತಿದ್ದಾನಂತೆ. ಮುಖ ತೊಳೆಯಲೂ ಚೊಂಬಿನ ನೀರನ್ನು ದೂರ ಹಿಡಿಯುತ್ತಾನಂತೆ.


ಶಿವಮೊಗ್ಗ, 4 ಜನವರಿ 1983

ಮರುಳಸಿದ್ದಪ್ಪನವರು ಕರೆಸಿದ್ದರು. ರಾಜ್ಯಮಟ್ಟದ ಪ್ರಶಸ್ತಿಗೆ ನನ್ನ ಹೆಸರು ಕಳಿಸುತ್ತಾರಂತೆ. ಅವರು ನನ್ನನ್ನು ಎಂದೂ ಕೀಳಾಗಿ ಕಂಡವರಲ್ಲ, ನನ್ನ ಕಾಗದಗಳನ್ನು ಮೇಲಕ್ಕೆ ತಲುಪಿಸಿದವರೇ ಅವರು. ಹಾಗಾಗಿಯೇ ಹೇಳಿಬಿಟ್ಟೆ.

"ಸಾರ್, ನನಗೆ ಈಜು ಬರಲ್ಲ."

ಮೊದಲು ನಕ್ಕರು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು. ನಾನು ಹಿಂದೆ ಸರಿದದ್ದನ್ನೂ ಹೇಳಿದೆ.

"ಮೂಕಪ್ಪ, ಹುಡುಗ ಬದುಕಿದಾನೆ. ಕೇಸಿಲ್ಲ, ಗಲಾಟೆ ಇಲ್ಲ. ಈಗ ಇದನ್ನ ಯಾಕೆ ಎತ್ತಾಕೆ ಹೋಗ್ತೀರಿ?" ಎಂದರು. ಮತ್ತೆ ತಗ್ಗಿದ ದನಿಯಲ್ಲಿ, "ನಿಮ್ಮೋರಲ್ಲಿ ಇಷ್ಟು ಮುಂದೆ ಬಂದೋರು ಎಷ್ಟು ಜನ ಇದಾರೆ ಹೇಳ್ರಿ. ಇದು ಹೊರಗೆ ಬಿದ್ರೆ ಕೆಟ್ಟ ಹೆಸರು ನಿಮಗೊಬ್ಬರಿಗೇ ಬರಲ್ಲ. ಸುಮ್ನಿರ್ರಿ" ಎಂದರು.

ಪ್ರೀತಿಯಿಂದಲೇ ಹೇಳಿದರು. ನಿಜವನ್ನೂ ಹೇಳಿದರು. ಮೂಕಪ್ಪನಿಗೆ ಈಜು ಬರುವುದಿಲ್ಲ ಎಂದು ಯಾರೂ ಅನ್ನುವುದಿಲ್ಲ, ಇಂಥವರನ್ನು ತಂದು ಕುರ್ಚಿಯಲ್ಲಿ ಕೂರಿಸಿದರೆ ಹೀಗೇ ಆಗುವುದು ಎನ್ನುತ್ತಾರೆ. ನಾಳೆ ನಮ್ಮ ಕೇರಿಯಿಂದ ಇನ್ನೊಬ್ಬ ಅರ್ಜಿ ಹಿಡಿದು ಬಂದಾಗ ನನ್ನ ಹೆಸರು ತೆಗೆಯುತ್ತಾರೆ. ನನ್ನ ನಾಚಿಕೆಯನ್ನು ನಾನೊಬ್ಬನೇ ಹೊತ್ತುಕೊಳ್ಳುವ ಹಾಗೂ ಇಲ್ಲ.

ಜಂಪಣ್ಣನ ವಿಷಯ ಕೇಳಿದೆ. ಈಜಿನಲ್ಲಿ ಅನುತ್ತೀರ್ಣ. ಮಾರ್ಚಿನಲ್ಲಿ ಇನ್ನೊಂದು ಅವಕಾಶ, ಆಗಲೂ ಆಗದಿದ್ದರೆ ಆ ಕೆಲಸ ಬೇರೆಯವರಿಗೆ. "ನಿಮ್ಮದೇ ನಿಯಮ" ಎಂದರು.


ಚನ್ನಗಿರಿ, 5 ಜನವರಿ

ಹೊನ್ನೂರಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿಮಗೆ ಈಜು ಬರಲ್ಲ ಅಂತ ನನಗೆ ಗೊತ್ತಿಲ್ಲೇನ್ರೀ? ಮದುವೆ ಆದ ವರ್ಷ ಹರಿಹರದಾಗೆ ಎಲ್ರೂ ಹೊಳಿಗೆ ಇಳಿದ್ರೆ ನೀವು ಮೆಟ್ಟಿಲ ಮ್ಯಾಲೆ ಕುಂತು ಚೊಂಬಿನಾಗೆ ಹುಯ್ಕೊಂಡ್ರಿ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ಅಂದಿದ್ರೆ ನೀವು ಬರೆಯೋದು ಬಿಡ್ತಿದ್ರಿ." ಆಮೇಲೆ ಮೊರ ಕೊಡವುತ್ತಾ, "ನಿಮ್ಮೂರ ಬಾವಿಗೆ ನಿಮ್ಮನ್ನ ಬಿಟ್ಟಿದ್ರೇನು, ಈಜು ಬರಾಕೆ?" ಎಂದಳು.

ಅವಳದು ಇದೇ. ಎಲ್ಲದಕ್ಕೂ ಊರನ್ನು ಬೈಯುತ್ತಾಳೆ. ಹಿಂದಕ್ಕೆ ಹೆಜ್ಜೆ ಇಟ್ಟದ್ದು ಊರಲ್ಲ, ನಾನು.


ನ್ಯಾಮತಿ, 16 ಜನವರಿ, ಭಾನುವಾರ

ಹೊನ್ನೂರಮ್ಮನ ತಮ್ಮ ದೊಡ್ಡಣ್ಣನ ಹೊಲಕ್ಕೆ ಬಂದಿದ್ದೇವೆ. ಊರಾಚೆ ಅವರಪ್ಪನಿಗೆ ಸರ್ಕಾರದಿಂದ ಸಿಕ್ಕಿದ ನೆಲ. ಮೂರು ವರ್ಷದ ಹಿಂದೆ ದೊಡ್ಡಣ್ಣ ಅದರಲ್ಲಿ ಬಾವಿ ತೋಡಿಸಿದ. ಇವತ್ತೇ ನಾನದನ್ನು ಸರಿಯಾಗಿ ನೋಡಿದ್ದು. ಅಗಲವಾದ ಕಟ್ಟಡದ ಬಾವಿ, ಇಳಿಯಲು ಕಲ್ಲು ಚಪ್ಪಡಿಯ ಮೆಟ್ಟಿಲು. ಕೇರಿಯ ಮಕ್ಕಳೆಲ್ಲ ಅದರಲ್ಲಿ ಬಿದ್ದುಕೊಂಡಿದ್ದವು. ಗಂಡು ಮಕ್ಕಳು, ಹೆಣ್ಣು ಮಕ್ಕಳು, ಲಂಗ ಕಚ್ಚೆ ಕಟ್ಟಿಕೊಂಡವರು. ಮೇಲಿನಿಂದ ಧುಮುಕಿದರೆ ನೀರು ಕಟ್ಟೆಯವರೆಗೆ ಎರಚುತ್ತಿತ್ತು.

ನಾನು ಅಭ್ಯಾಸಬಲದಿಂದ ಕಟ್ಟೆಯಿಂದ ಸ್ವಲ್ಪ ದೂರ ನಿಂತೆ. ನಮ್ಮೂರ ಬಾವಿಯ ಹತ್ತಿರವೂ ಹೀಗೇ ದೂರದಲ್ಲಿ ಜಾಲಿ ಗಿಡದ ಕೆಳಗೆ ನಿಲ್ಲುತ್ತಿದ್ದೆ. ಅದಕ್ಕಿಂತ ಹತ್ತಿರ ಹೋದರೆ ಕಲ್ಲು ಬರುತ್ತಿತ್ತು. ಬೇಸಿಗೆಯ ರಜೆ ಪೂರ್ತಿ ಅಲ್ಲಿಂದಲೇ ನೋಡಿದ್ದೇನೆ. ಯಾವ ಹುಡುಗ ಕಾಲನ್ನು ಕತ್ತರಿಯಂತೆ ಆಡಿಸುತ್ತಾನೆ, ಯಾವನು ಉಸಿರು ಬಿಡದೆ ಸುಸ್ತಾಗುತ್ತಾನೆ, ಯಾವನು ಹೆದರಿ ಕುತ್ತಿಗೆ ನೆಟ್ಟಗೆ ಹಿಡಿಯುತ್ತಾನೆ, ಎಲ್ಲ ಗೊತ್ತಾಗುತ್ತಿತ್ತು. ಒಬ್ಬ ಮುಳುಗುವುದಕ್ಕೆ ಮೊದಲೇ ಇವನು ಮುಳುಗುತ್ತಾನೆ ಎಂದು ಹೇಳಬಲ್ಲವನಾಗಿದ್ದೆ. ಯೋಚಿಸಿದರೆ ಕೈಪಿಡಿಯ ಆ ಅಧ್ಯಾಯದಲ್ಲಿ ಬರೆದದ್ದೆಲ್ಲ ಅಲ್ಲಿ ನೋಡಿದ್ದೇ. ನೋಡಿ ಕಲಿತದ್ದನ್ನು ಮಾಡಿ ಕಲಿತವನಂತೆ ಬರೆದೆ. ಅದೇ ಮೋಸ.

"ಯಾಕ್ ಭಾವ, ಅಲ್ಲೇ ನಿಂತಿರಿ?" ಎಂದ ದೊಡ್ಡಣ್ಣ. "ಇಳೀರಿ. ನಮ್ಮದೇ ಬಾವಿ."

ಅವನು ಎತ್ತುಗಳಿಗೆ ಮೇವು ಹಾಕುತ್ತಾ ಹೇಳಿದ ಮಾತು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕಟ್ಟೆಯ ಹತ್ತಿರ ಹೋದೆ.

"ನನಗೆ ಈಜು ಬರಲ್ಲ ಕಣೋ" ಎಂದೆ. ಮಕ್ಕಳಿಗೆಲ್ಲ ಕೇಳಿಸಿತು. ನಗು ತಡೆಯಲಾರದೆ ನೀರಿನೊಳಗೆ ಮುಳುಗಿ ನಕ್ಕವು.

ದೊಡ್ಡಣ್ಣ ನಗಲಿಲ್ಲ. ಹೊಲದ ಗುಡಿಸಲಿನಿಂದ ತೇಲುವ ಬೆಂಡು ತಂದು ನನ್ನ ಬೆನ್ನಿಗೆ ಕಟ್ಟಿದ, ಚಿಕ್ಕ ಮಕ್ಕಳಿಗೆ ಕಟ್ಟುವ ಹಾಗೆ. ಹೊಟ್ಟೆ ಬಂದ ಮೈ, ಎದೆಯ ಮೇಲೆ ಬಿಳಿ ಕೂದಲು, ಪಟ್ಟೆ ಚಡ್ಡಿ. ಇಲಾಖೆಯ ಯಾರಾದರೂ ಆ ದಾರಿಯಲ್ಲಿ ಬಂದಿದ್ದರೆ ಸತ್ತೇ ಹೋಗುತ್ತಿದ್ದೆ. ಕೊನೆಯ ಮೆಟ್ಟಿಲಿನಲ್ಲಿ ಬಹಳ ಹೊತ್ತು ಕೂತೆ. ಆಮೇಲೆ ಇಳಿದೆ.

ನೀರು ಮೇಲೆ ಬೆಚ್ಚಗೆ, ಕಾಲ ಕೆಳಗೆ ತಣ್ಣಗೆ. ಇದನ್ನು ನಾನು ಎಲ್ಲೂ ಬರೆದಿಲ್ಲ.


ಜಗಳೂರು, 6 ಫೆಬ್ರವರಿ, ಭಾನುವಾರ

ಹೇಳಲೇಬೇಕೆಂದು ಹೋದೆ. ಚೌಡಕ್ಕನ ಮನೆ ಊರ ಕೊನೆಯಲ್ಲಿ. ಆಕೆ ಕಂಬಳಿ ಹಾಸಿದಳು, ನಾನು ಕೂರಲಿಲ್ಲ. ಜಂಪಣ್ಣ ಬಾಗಿಲಲ್ಲಿ ನಿಂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ನಿನ್ನ ಮಗನನ್ನು ಎತ್ತಿದವನು ಬೈಲಪ್ಪ, ನಾನು ಕೈ ಕೊಡದೆ ಹಿಂದೆ ಸರಿದೆ, ನನಗೆ ಈಜು ಬರುತ್ತಿರಲಿಲ್ಲ ಎಂದೆ.

ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಮನಸ್ಸಿನ ಮೂಲೆಯಲ್ಲಿ, ಆಕೆ ಹೋಗಲಿ ಬಿಡಿ ಸಾಮಿ ಎನ್ನುತ್ತಾಳೆ ಎಂದೂ ಇತ್ತು.

"ಈಜು ಬರದೋರು ನನ್ ಮಗನ್ನ ಯಾಕೆ ಇಳಿಸಿದ್ರಿ?" ಎಂದಳು.

ಆಕೆ ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಕಾಲಿಗೆ ಬಿದ್ದೆನಲ್ಲ ನಾನು. ಆವತ್ತು ಬಾಯಿ ಇರಲಿಲ್ಲೇನು?"

ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಕಂಬಳಿಯನ್ನು ಯಾರೂ ತೆಗೆಯಲಿಲ್ಲ.

ಜಂಪಣ್ಣ ಬಸ್ಸಿನವರೆಗೆ ನನ್ನ ಜೊತೆ ನಡೆದು ಬಂದ. ಹುಣಿಸೆಮರದ ಕೆಳಗೆ ನಿಂತಾಗ ನೆಲ ನೋಡುತ್ತಾ, "ನೀವು ಹಿಂದಕ್ಕೆ ಸರಿದಿದ್ದು ನಾನು ನೋಡಿದ್ದೆ ಸಾರ್" ಎಂದ.

"ನೋಡಿದ್ದೆಯಾ? ಮತ್ತೆ ನಿಮ್ಮ ತಾಯಿ ನಮ್ಮ ಮನೆಗೆ ಹೊರಟಾಗ ಯಾಕೆ ಹೇಳಲಿಲ್ಲ?"

"ಅವ್ವ ಪೇಪರ್ ನಂಬಿದ್ಲು. ನಾನೂ ಸುಮ್ನಾದೆ. ಪಾಸು ಮಾಡೋದು, ಫೇಲು ಮಾಡೋದು ನಿಮ್ಮ ಕೈಯಾಗೆ ಐತಲ್ಲ ಸಾರ್. ಹೆಂಗೆ ಹೇಳ್ಲಿ?"

ಸಾಯುತ್ತಿದ್ದವನು ಕೈ ಚಾಚಿದಾಗ ನಾನು ಕೊಡಲಿಲ್ಲ. ಬದುಕಿದ ಮೇಲೆ ನನ್ನ ಕುರ್ಚಿಗೆ ಹೆದರಿ ಅವನು ಬಾಯಿ ಮುಚ್ಚಿಕೊಂಡ. ಎರಡರಲ್ಲಿ ಯಾವುದು ದೊಡ್ಡದು ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ.

ಬಸ್ಸು ಬರುವ ಮೊದಲು ಅವನಿಗೆ ಹೇಳಿದೆ: "ಪರೀಕ್ಷೆಯಲ್ಲಿ ನಾನು ನಿನಗೇನೂ ಸಹಾಯ ಮಾಡಲಾರೆ. ಈಜು ಬರದೆ ಮಕ್ಕಳನ್ನು ಕಾಯಬಾರದು, ಅದನ್ನು ನಾನೀಗಲೂ ಹೇಳುತ್ತೇನೆ. ಆದರೆ ನ್ಯಾಮತಿಯಲ್ಲಿ ನನ್ನ ಭಾವಮೈದುನನ ಬಾವಿ ಇದೆ. ನಾನೂ ಅಲ್ಲೇ ಕಲಿಯುತ್ತಿದ್ದೇನೆ. ಬೇಕಾದರೆ ಬಾ."

ಬಸ್ಸು ಬಂದಾಗ ಅವನು ಕೈ ಅಡ್ಡ ಹಿಡಿದು ನಿಲ್ಲಿಸಿದ.


ನ್ಯಾಮತಿ, 20 ಫೆಬ್ರವರಿ, ಭಾನುವಾರ

ಜಂಪಣ್ಣ ಬಂದ.

ಬಾವಿಕಟ್ಟೆಯ ಮೇಲೆ ತಡೆದು ನಿಂತ. ನೀರಿನ ಹೆದರಿಕೆಯೋ, ಬೇರೆಯದೋ ತಿಳಿಯಲಿಲ್ಲ. ಕೇಳಲಿಲ್ಲ. ದೊಡ್ಡಣ್ಣನೂ ಕಟ್ಟೆಗೆ ಒರಗಿ ಬೀಡಿ ಸೇದುತ್ತಾ ಅವನನ್ನೇ ನೋಡುತ್ತಿದ್ದ. ಇಳಿ ಎಂದು ಕರೆಯಲಿಲ್ಲ. ನಾನು ಬೆಂಡು ಕಟ್ಟಿಕೊಂಡು ಮೊದಲು ಇಳಿದೆ. ನನ್ನ ಈಜು ನೋಡಿ ಅವನಿಗೆ ಧೈರ್ಯ ಬಂದಿರಬೇಕು, ಅಷ್ಟು ಕೆಟ್ಟದಾಗಿತ್ತು. ಸ್ವಲ್ಪ ಹೊತ್ತಿಗೆ ಅವನ ಕಾಲು ಕೊನೆಯ ಮೆಟ್ಟಿಲ ಮೇಲಿತ್ತು, ಆಮೇಲೆ ಮೊಣಕಾಲು. ಕುತ್ತಿಗೆಮಟ್ಟಕ್ಕೆ ಬಂದಾಗ ಮೈ ಗಡಗಡ ನಡುಗುತ್ತಿತ್ತು. ಕೈ ಚಾಚಿದ. ಹಿಡಿದೆ. ಇಬ್ಬರೂ ಸ್ವಲ್ಪ ಮುಳುಗಿದೆವು, ನೀರು ಕುಡಿದೆವು. ಮಕ್ಕಳು ನಮ್ಮನ್ನು ಮೆಟ್ಟಿಲಿಗೆ ನೂಕಿದವು.

ಮಧ್ಯಾಹ್ನ ದೊಡ್ಡಣ್ಣನ ಹೆಂಡತಿ ಅಂಜಿನಮ್ಮ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದಳು. ಜಂಪಣ್ಣ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡ.


27 ಫೆಬ್ರವರಿ

ಇಬ್ಬರ ಬೆಂಡೂ ಬಿಚ್ಚಿದ ದೊಡ್ಡಣ್ಣ. ಜಂಪಣ್ಣ ಬಾವಿಯನ್ನು ದಾಟಿದ. ನಾನು ಅರ್ಧ. ನೀರು ಕಿವಿಗೆ ಹೊಕ್ಕಾಗ ಹೊರಗಿನ ಸದ್ದೆಲ್ಲ ನಿಂತು ನಮ್ಮ ಉಸಿರೊಂದೇ ಕೇಳಿಸುತ್ತದೆ. ಬೆಳಿಗ್ಗೆ ಬಾವಿಯ ಗೋಡೆಯ ಮೇಲೆ ಬಿಸಿಲು ಕುಣಿಯುತ್ತಿರುತ್ತದೆ.


ಚನ್ನಗಿರಿ, 10 ಮಾರ್ಚ್

ಕೈಪಿಡಿಯ ತಿದ್ದುಪಡಿ ಕಳಿಸಿದೆ. 'ಅಥವಾ ನೀರಿನ ಅಂಚಿನಲ್ಲಿ' ಎಂಬ ಮಾತನ್ನು ಹೊಡೆದುಹಾಕಿದ್ದೇನೆ. ಬೋಧಕನೂ ಅದೇ ಪರೀಕ್ಷೆಯಲ್ಲಿ ಉತ್ತೀರ್ಣನಾಗಿರತಕ್ಕದ್ದು ಎಂದು ಸೇರಿಸಿದ್ದೇನೆ. ಪ್ರಶಸ್ತಿಗೆ ನನ್ನ ಹೆಸರು ಬೇಡ, ಹುಡುಗನನ್ನು ಉಳಿಸಿದವನು ಬೈಲಪ್ಪ ಎಂದೂ ಬರೆದೆ. ಇಪ್ಪತ್ತರ ಪರೀಕ್ಷೆಗೆ ಅಭ್ಯರ್ಥಿಗಳ ಜೊತೆ ನನ್ನ ಹೆಸರನ್ನೂ ಕೊಟ್ಟೆ.

ಮರುಳಸಿದ್ದಪ್ಪನವರು ಫೋನ್ ಮಾಡಿದರು. "ತಲೆ ಕೆಟ್ಟೈತೇನ್ರೀ? ಹುಡುಗರ ಸಾಲಿನಾಗೆ ಚಡ್ಡಿ ಹಾಕ್ಕೊಂಡು ನಿಲ್ತೀರೇನು? ಇಲಾಖೆ ಮರ್ಯಾದೆ ಏನಾಗ್ಬೇಕು?"

"ನೀರಿಗೆ ಇಳಿಯಲು ಬರದವನು ಈಜು ಕಲಿಸಿದಾಗಲೇ ಹೋಯಿತು ಸಾರ್, ಮರ್ಯಾದೆ."

"ನಾನು ಹೇಳಿದ್ದು ಮರೆತ್ರಾ? ನಿಮ್ಮೋರ ಬಗ್ಗೆ?"

"ಇಲ್ಲ ಸಾರ್. ನಮ್ಮವರಿಗೆ ಈಜು ಬರುತ್ತೆ. ನ್ಯಾಮತಿಯಲ್ಲಿ ನೋಡಿ ಬಂದೆ."

ಇಷ್ಟು ಮಾತು ನಾನಾಡಿದೆನೇ ಎಂದು ಈಗ ಬರೆಯುವಾಗ ಭಯವಾಗುತ್ತಿದೆ. ಅವರು ಫೋನಿಟ್ಟರು. ನಾಳೆ ಯಾವ ಆದೇಶ ಬರುತ್ತದೋ.


14 ಮಾರ್ಚ್

ಆದೇಶ ಬಂತು. ಪರೀಕ್ಷೆಯಲ್ಲಿ ಉತ್ತೀರ್ಣನಾಗುವವರೆಗೆ ನಾನು ಬೋಧಕನಲ್ಲ. ಪರೀಕ್ಷಕನಾಗಿ ದಾವಣಗೆರೆಯಿಂದ ಓಂಕಾರಪ್ಪ ಬರುತ್ತಾನೆ. ಸಂತೇಬೆನ್ನೂರಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು.

ಆಫೀಸಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ.


ಹೊನ್ನಾಳಿ, 20 ಮಾರ್ಚ್, ಭಾನುವಾರ

ಹೊಳೆ ಇಳಿದಿದೆ, ಆದರೆ ಮಡುವಿನಲ್ಲಿ ನೀರಿದೆ. ಈ ಬಂಡೆಯಿಂದ ಎದುರಿನ ಬಂಡೆಗೆ ಐವತ್ತು ಗಜ. ಅಭ್ಯರ್ಥಿ ತೆಪ್ಪ ಮುಟ್ಟದೆ ಎದುರಿನ ಬಂಡೆ ಮುಟ್ಟಬೇಕು. ನಿಯಮ ನನ್ನದೇ.

ಸಾಲಿನಲ್ಲಿ ನಿಂತೆ. ಹುಡುಗರು ನನ್ನ ಮೈ ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಓಂಕಾರಪ್ಪ ಹೆಸರು ಕರೆಯುವಾಗ ನನ್ನ ಹೆಸರಿನ ಮುಂದೆ ಶ್ರೀ ಸೇರಿಸಿದ, ಆಮೇಲೆ ತಾನೇ ತಲೆ ತಗ್ಗಿಸಿದ. ಸೇತುವೆಯ ಮೇಲೆ ಜನ ನಿಂತಿದ್ದರು. ದಂಡೆಯ ಮೇಲೆ ಚೌಡಕ್ಕ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಜಂಪಣ್ಣ ನನಗಿಂತ ಮೊದಲು ಇಳಿದ. ಮಧ್ಯದಲ್ಲಿ ಒಮ್ಮೆ ಕುತ್ತಿಗೆ ನೆಟ್ಟಗಾಯಿತು. ನೋಡಿದರೆ ನಾನು ಆಗಲೇ ಮೊಣಕಾಲವರೆಗೆ ನೀರಿನಲ್ಲಿದ್ದೆ. ಅವನು ತಲೆ ತಗ್ಗಿಸಿದ, ಉಸಿರು ಬಿಟ್ಟ, ಕಾಲು ಆಡಿಸಿದ. ಎದುರಿನ ಬಂಡೆ ಮುಟ್ಟಿ ಅದರ ಮೇಲೆ ಅಂಗಾತ ಬಿದ್ದುಕೊಂಡ. ಚೌಡಕ್ಕ ಎದ್ದು ನಿಂತಳು, ಮತ್ತೆ ಕೂತಳು.

ಆಮೇಲೆ ನಾನು. ಬಾವಿಯ ನೀರು ನಿಂತ ನೀರು, ಇದು ಎಳೆಯುತ್ತದೆ. ಅರ್ಧದವರೆಗೆ ಚೆನ್ನಾಗಿ ಹೋದೆ. ಇನ್ನೂ ಸ್ವಲ್ಪ ಹೋದೆ. ಎದುರು ಬಂಡೆಯ ಮೇಲೆ ಜಂಪಣ್ಣ ಎದ್ದು ಕೂತು "ಉಸಿರು ಬಿಡ್ರಿ ಸಾರ್, ಉಸಿರು ಬಿಡ್ರಿ" ಎನ್ನುತ್ತಿದ್ದ. ಕೇಳಿಸುತ್ತಿತ್ತು, ಬಿಡಲಾಗಲಿಲ್ಲ. ತೋಳು ಸೀಸವಾಯಿತು. ಬಂಡೆ ಇನ್ನೂ ಹತ್ತು ಗಜ ದೂರ, ಪಕ್ಕದಲ್ಲೇ ತೆಪ್ಪವಿತ್ತು. ಹಿಡಿದೆ.

"ಒಂದೇ ಕಡೆ ಜಗ್ಗಬ್ಯಾಡ್ರಿ, ಮಗುಚ್ತದೆ" ಎಂದ ಬೈಲಪ್ಪ. ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ತೆಪ್ಪದ ತಳದಲ್ಲಿ ಮೀನಿನ ವಾಸನೆಯಲ್ಲಿ ಬಿದ್ದುಕೊಂಡು ಆಕಾಶ ನೋಡಿದೆ. ಅಳು ಬಂತು. ಮುಖವೆಲ್ಲ ಹೇಗೂ ಒದ್ದೆಯಾಗಿತ್ತು.

ದಂಡೆಯಲ್ಲಿ ಓಂಕಾರಪ್ಪ ಹತ್ತಿರ ಬಂದು ಪಿಸುಗುಟ್ಟಿದ: "ಸಾರ್, ಹೆಚ್ಚೂಕಮ್ಮಿ ಮುಟ್ಟಿದ್ರಿ. ಈ ವಯಸ್ಸಿನಾಗೆ ಅಷ್ಟು ಬಂದಿದ್ದೇ ಹೆಚ್ಚು. ಪಾಸು ಅಂತ ಬರೀಲಾ? ಯಾರೂ ಏನೂ ಅನ್ನಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು.

"ನಿಯಮ ಏನಿದೆ ಓಂಕಾರಪ್ಪ?"

"ಎದುರು ಬಂಡೆ ಮುಟ್ಟಬೇಕು ಸಾರ್."

"ಮುಟ್ಟಿದೆನಾ?"

ಅವನು ಬರೆದ. ಅನುತ್ತೀರ್ಣ. ಅದರ ಮುಂದೆ ನಾನು ಸಹಿ ಮಾಡಿದೆ. ಒದ್ದೆ ಕೈಯಿಂದ ಶಾಯಿ ಕದಡಿತು.

ಬಟ್ಟೆ ಹಾಕಿಕೊಳ್ಳುವಾಗ ಚೌಡಕ್ಕ ಮಗನ ತಲೆ ಒರೆಸಿಕೊಂಡು ನನ್ನ ಪಕ್ಕದಿಂದ ಹಾದುಹೋದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ತಲೆ ಒರೆಸ್ಕಳ್ರಿ, ಥಂಡಿ ಆದೀತು" ಎಂದಳು. ಸಾಮಿ ಎನ್ನಲಿಲ್ಲ.


ಚನ್ನಗಿರಿ, 24 ಮಾರ್ಚ್

ಜಂಪಣ್ಣ ಜಗಳೂರಿನಲ್ಲಿ ಕೆಲಸಕ್ಕೆ ಸೇರುವ ಆದೇಶ ಹೊರಟಿದೆ. ತಿದ್ದುಪಡಿಯನ್ನು ಇಲಾಖೆ ಒಪ್ಪಿದೆ. ಮರುಳಸಿದ್ದಪ್ಪನವರು ನನ್ನ ಜೊತೆ ಮಾತಾಡಿಲ್ಲ, ಆದರೆ ಕಾಗದಕ್ಕೆ ರುಜು ಹಾಕಿದ್ದಾರೆ.

ಸಂಜೆ ಒಳಗೆ ಕೂತಿದ್ದಾಗ ಪಕ್ಕದ ಮನೆಯವರು ಜಗಲಿಯಲ್ಲಿ ಹೊನ್ನೂರಮ್ಮನನ್ನು ಕೇಳುವುದು ಕಿವಿಗೆ ಬಿತ್ತು. "ನಿಮ್ಮ ಯಜಮಾನ್ರಿಗೆ ಈಜೇ ಬರಲ್ವಂತಲ್ರೀ? ಹೊಳ್ಯಾಗೆ ಫೇಲಾದ್ರಂತೆ?" ದನಿಯಲ್ಲಿ ಮರುಕವೂ ಇತ್ತು, ಖುಷಿಯೂ ಇತ್ತು.

"ಕಲೀತಾ ಇದಾರ್ರೀ" ಎಂದಳು ಅವಳು.

ಮೈ ಬಿಸಿಯಾಯಿತು. ಆದರೂ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದೆ. "ಇನ್ನು ಹತ್ತು ಗಜ ಬಾಕಿ ಐತ್ರೀ" ಎಂದೆ.